ಅಕ್ಕನ ಪರ್ಮನೆಂಟು, ನನ್ನ ಪಂಚಾಂಗ

ನಮ್ಮ ಅಕ್ಕನನ್ನು ಕಂಡರೆ ಇಂಗ್ಲೆಂಡ್ ದೇಶಕ್ಕೆ ಹೆದರಿಕೆ. ನಗಬೇಡಿ. ನಂಬಿಕೆಯಾಗದಿದ್ದರೆ ಲಂಡನ್ನಿನ ಗ್ರೀನ್‌ಫರ್ಡಿನಲ್ಲಿ ನಮ್ಮ ಬೀದಿಗೆ ಬರುವ ಕಸದ ಗಾಡಿಯವರನ್ನು ಕೇಳಿ. ಎಲ್ಲರ ಮನೆಯ ಡಬ್ಬಗಳನ್ನೂ ಖಾಲಿ ಮಾಡಿ ಅಡ್ಡಾದಿಡ್ಡಿ ಒಗೆದು ಹೋಗುವ ಆ ಜಟ್ಟಿಗಳು, ಅಕ್ಕನ ಮನೆಯ ಮುಂದೆ ಮಾತ್ರ ಡಬ್ಬವನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಮುಚ್ಚಳ ಮುಚ್ಚಿ, ಒಮ್ಮೆ ಕಿಟಕಿಯ ಕಡೆ ನೋಡಿ ಹೋಗುತ್ತಾರೆ. ಕಿಟಕಿಯಲ್ಲಿ ಅಕ್ಕ ಇರುತ್ತಾಳೆ. ಇಲ್ಲದಿದ್ದರೂ ಇದ್ದಾಳೆಂದೇ ಅವರ ನಂಬಿಕೆ.

ಇನ್ನು ನಾನು. ನಾನು ಅವಳ ತಮ್ಮ. ನಾವಿಬ್ಬರೂ ಒಂದೇ ತಾಯಿಯ ಮಕ್ಕಳು ಎನ್ನುವುದಕ್ಕೆ ಮೂಗು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ಮನೆಯಲ್ಲಿದ್ದ ಧೈರ್ಯವನ್ನೆಲ್ಲ ಅವಳು ಮೊದಲೇ ಬಂದು ಬಾಚಿಕೊಂಡಿದ್ದಳು. ನನ್ನ ಪಾಲಿಗೆ ಉಳಿದದ್ದು ಹೆದರಿಕೆ. ಸರ್ಕಾರದ ಕಂದು ಲಕೋಟೆ ಬಾಗಿಲ ಸೀಳಿನಿಂದ ಬಿದ್ದರೆ, ಅದನ್ನು ಎರಡು ದಿನ ದೇವರ ಮುಂದಿಟ್ಟು ಆಮೇಲೆ ಒಡೆಯುವವನು ನಾನು. ಒಡೆದರೆ ಒಳಗೆ ಕಣ್ಣು ತೋರಿಸಿಕೊಳ್ಳಲು ಬನ್ನಿ ಎಂದು ಬರೆದಿರುತ್ತದೆ. ಅಷ್ಟಕ್ಕೇ ನನ್ನ ಕಣ್ಣು ಕತ್ತಲೆಗಟ್ಟಿರುತ್ತದೆ. ಧಾರವಾಡದಲ್ಲಿ ಮ್ಯಾಟ್ರಿಕ್ ಮುಗಿಸಿ, ಅಕ್ಕ ಭಾವ ಕರೆಸಿಕೊಂಡರೆಂದು ಇಲ್ಲಿಗೆ ಬಂದು, ಬ್ರೆಡ್ಡಿನ ಕಾರ್ಖಾನೆಯಲ್ಲಿ ಮುಪ್ಪಾದವನು. ಬಂದು ನಿಯಮದಷ್ಟು ವರ್ಷ ತುಂಬಿದ್ದೇ ತಡ, ಯಾರೂ ಕೇಳದಿದ್ದರೂ ಓಡಿಹೋಗಿ ಪೌರತ್ವ ತೆಗೆದುಕೊಂಡೆ. ಕೆಲವರು ದೇಶಪ್ರೇಮದಿಂದ ಪ್ರಜೆಗಳಾಗುತ್ತಾರೆ, ಕೆಲವರು ಲಾಭಕ್ಕೆ. ನಾನು ಹೆದರಿ ಬ್ರಿಟಿಷ್ ಪ್ರಜೆಯಾದವನು.

ಅಕ್ಕ ಆಗಲಿಲ್ಲ. ಅವಳ ಹಳೆಯ ಪಾಸ್‌ಪೋರ್ಟಿನಲ್ಲಿ ಒಂದು ಮುದ್ರೆ ಇತ್ತು. ಈ ದೇಶದಲ್ಲಿ ಕಾಲಮಿತಿಯಿಲ್ಲದೆ ಇರಬಹುದು ಎನ್ನುವ ಮುದ್ರೆ. ನಮ್ಮ ಮಂದಿ ಅದನ್ನು ‘ಪರ್ಮನೆಂಟು’ ಎನ್ನುತ್ತಾರೆ. ನಾನು ಎಷ್ಟೋ ಸಲ ಹೇಳಿದೆ: ಅಕ್ಕಾ, ಪರ್ಮನೆಂಟು ಬೇರೆ, ಪೌರತ್ವ ಬೇರೆ, ಒಂದು ಅರ್ಜಿ ಹಾಕಿಬಿಡು. ಅವಳ ಉತ್ತರ ಪ್ರತಿಸಲವೂ ಒಂದೇ.

“ಇರು ಅಂತ ಒಮ್ಮೆ ಹೇಳ್ಯಾರಿಲ್ಲೋ? ಮನಿಗೆ ಕರದವರು ಕೂಡ್ರು ಅಂದಮ್ಯಾಲೆ, ಖರೇನ ಕೂಡ್ರಲೇನು ಅಂತ ತಿರಗಿ ಕೇಳಿದ್ರ ಅವರಿಗೆ ಅವಮಾನ.”

ಪೌರತ್ವಕ್ಕೆ ಒಂದು ಪರೀಕ್ಷೆಯೂ ಇತ್ತು. ಅದಕ್ಕಾಗಿ ನಾನು ಪುಸ್ತಕ ತಂದುಕೊಟ್ಟೆ. ಆರು ಮದುವೆಯಾದ ರಾಜನ ಪುಟದವರೆಗೆ ಓದಿ ಮುಚ್ಚಿಟ್ಟಳು. ಇಂಥವನ ವಿಷಯ ಕೇಳುವ ಮನೆಯವರು ತನ್ನ ಯೋಗ್ಯತೆ ಅಳೆಯುವುದೇ, ಎಂದು ನನಗೇ ಬೈದಳು. ಆ ರಾಜನನ್ನು ನಾನೇ ಬೆಳೆಸಿ ಹಾಳುಮಾಡಿದೆನೋ ಎನ್ನುವ ಹಾಗೆ!

ಅವಳ ಕಥೆಗಳು ಒಂದೇ ಎರಡೇ? ನಮ್ಮ ಬಡಾವಣೆಯ ಡಾಕ್ಟರ ಹತ್ತಿರ ಮೊಣಕಾಲು ನೋವೆಂದು ಹೋದಳು. ನೋವು ಒಂದರಿಂದ ಹತ್ತರೊಳಗೆ ಎಷ್ಟಿದೆ ಎಂದು ಡಾಕ್ಟರಮ್ಮ ಕೇಳಿದರು. ಇಲ್ಲಿ ಎಲ್ಲರಿಗೂ ಹಾಗೇ ಕೇಳುತ್ತಾರೆ. ಅದನ್ನು ಕಂಡುಹಿಡಿಯಲೆಂದೇ ನೀವು ಅಷ್ಟು ಓದಿದ್ದಲ್ಲವೇ, ನಾನೇ ಹೇಳಿದರೆ ನಿಮ್ಮ ಸಂಬಳ ನನಗೆ ಕೊಡುತ್ತೀರೇನು ಎಂದು ಅಕ್ಕ ತಿರುಗಿ ಕೇಳಿದಳು. ಆ ಡಾಕ್ಟರಮ್ಮ ಅಂದಿನಿಂದ ಅಕ್ಕನ ಮೊಣಕಾಲನ್ನು ತಾವೇ ಎದ್ದು ಬಂದು ಮುಟ್ಟಿ ನೋಡುತ್ತಾರೆ. ನನ್ನ ಮೊಣಕಾಲನ್ನು ಇವತ್ತಿಗೂ ಯಾರೂ ಮುಟ್ಟಿಲ್ಲ. ನಾನು ಕೇಳಿದ ಕೂಡಲೇ ‘ಆರು’ ಎನ್ನುತ್ತೇನೆ. ಆರು ಎಂದರೆ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ಯಾರ ಮನಸ್ಸಿಗೂ ನೋವಾಗುವುದಿಲ್ಲ.

ಆಯುಧ ಪೂಜೆಯ ದಿನ ಅವಳು ಗ್ಯಾಸ್ ಮೀಟರಿಗೂ ಕುಂಕುಮ ಹಚ್ಚಿ ಹೂ ಏರಿಸುತ್ತಾಳೆ. ಚಳಿಗಾಲವಿಡೀ ಮನೆ ಬೆಚ್ಚಗಿಡುವುದು ಅದೇ ತಾನೆ? ಒಮ್ಮೆ ಮೀಟರ್ ಓದುವ ಹುಡುಗ ಬಂದು ಆ ಕೆಂಪು ಗುರುತು ನೋಡಿ, ಗ್ಯಾಸ್ ಸೋರುತ್ತಿದೆಯೆಂದು ಯಾರೋ ಹಾಕಿದ ಗುರುತಿರಬೇಕು ಎಂದು ತಿಳಿದು, ಎಲ್ಲರೂ ಹೊರಗೆ ಹೋಗಿ ಎಂದು ಕೂಗಿದ. ನಾನು ಚಪ್ಪಲಿಯಿಲ್ಲದೆ ಬೀದಿಯ ಕೊನೆಯವರೆಗೆ ಓಡಿದ್ದೆ. ತಿರುಗಿ ಬಂದಾಗ ಆ ಹುಡುಗ ಅಡುಗೆಮನೆಯಲ್ಲಿ ಕುಳಿತು ಅಕ್ಕನ ಚುರುಮುರಿ ತಿನ್ನುತ್ತಿದ್ದ.

ಇಂಥ ಅಕ್ಕನನ್ನು ಭೂಮಿಯ ಮೇಲೆ ಎದುರಿಸಿ ನಿಂತದ್ದು ಒಂದೇ ಒಂದು ಜೀವ. ಬೆಳಗಾವಿಯಲ್ಲಿದ್ದ ಅವಳ ನೆಗೆಣ್ಣಿ, ಅಂದರೆ ಭಾವನ ತಮ್ಮನ ಹೆಂಡತಿ.

ಜಗಳದ ಮೂಲ ಝುಣಕ, ನಮ್ಮ ಕಡೆಯ ಕಡಲೆಹಿಟ್ಟಿನ ಪಲ್ಯ. ಅಕ್ಕ ಲಂಡನ್ನಿನಿಂದ ಮೊದಲ ಸಲ ಊರಿಗೆ ಹೋದಾಗ ಉಪನಯನದ ಮನೆಯಲ್ಲಿ ತಾನೇ ನಿಂತು ಝುಣಕ ಮಾಡಿದಳಂತೆ. ನೆಗೆಣ್ಣಿ ಒಂದು ತುತ್ತು ಬಾಯಿಗಿಟ್ಟು, ಇದು ವಿಮಾನದಲ್ಲಿ ಬಂದಿಲ್ಲ, ಹಡಗಿನಲ್ಲಿ ಬಂದಿದೆ ಎಂದು ಪಂಕ್ತಿಗೆಲ್ಲ ಕೇಳಿಸುವಂತೆ ಹೇಳಿದಳಂತೆ. ಅಷ್ಟೇ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಮಾತಿಲ್ಲ ಎಂದರೆ ಸುಮ್ಮನಿದ್ದರು ಎಂದುಕೊಳ್ಳಬೇಡಿ. ಭಾನುವಾರಕ್ಕೊಮ್ಮೆ ಅಕ್ಕ ಮೈದುನನಿಗೆ ಫೋನ್ ಮಾಡಿ, “ಆಕಿಗೆ ಹೇಳು” ಎಂದು ಶುರುಮಾಡುತ್ತಿದ್ದಳು. ಆ ಕಡೆಯಿಂದ “ಅವರಿಗೆ ಹೇಳ್ರಿ” ಎಂದು ಉತ್ತರ ಬರುತ್ತಿತ್ತು. ನಡುವೆ ಆ ಬಡಪಾಯಿ ಮೈದುನ ಫೋನ್ ಹಿಡಿದುಕೊಂಡು ನಿಂತಿರುತ್ತಿದ್ದ. ಭಾವ ಮೊದಲೇ ಹೋಗಿದ್ದರು. ಅವನೂ ತೀರಿಕೊಂಡ ಮೇಲೆ, ಹೇಳಲಿಕ್ಕೆ ನಡುವೆ ಯಾರೂ ಇಲ್ಲದೆ, ಜಗಳ ನಿಂತುಹೋಯಿತು. ಭಾನುವಾರ ಬಂದರೆ ಅಕ್ಕ ಸುಮ್ಮಸುಮ್ಮನೆ ಪಾತ್ರೆ ತಿಕ್ಕುತ್ತ ಕೂಡುವುದನ್ನು ನಾನು ನೋಡಿದ್ದೇನೆ.

ಹೀಗಿರುವಾಗ ಒಂದು ಗಣೇಶ ಚೌತಿಯ ದಿನ, ನಾವೆಲ್ಲ ಅಕ್ಕನ ಮನೆಯಲ್ಲಿ ಮೋದಕ ತಿನ್ನುತ್ತಿದ್ದಾಗ, ಬೆಳಗಾವಿಯಿಂದ ನೆರೆಮನೆಯವರ ಫೋನ್ ಬಂತು. ನೆಗೆಣ್ಣಿಗೆ ಲಕ್ವ ಹೊಡೆದಿದೆ, ಬಲಗಡೆ ಸ್ವಾಧೀನವಿಲ್ಲ, ಮಾತು ಪೂರ್ತಿ ನಿಂತಿದೆ. ಮಕ್ಕಳಿಲ್ಲದ ಹೆಂಗಸು. ಅಕ್ಕ ಫೋನ್ ಇಟ್ಟು ಗಣಪತಿಯ ಕಡೆ ತಿರುಗಿದಳು.

“ಆಕಿ ಬಾಯಿ ನಿಂತದಂತ,” ಎಂದಳು. “ಅದು ಹ್ಯಾಂಗ ನಿಂತೀತು, ನಾ ಹೋಗಿ ನೋಡ್ತೀನಿ.”

ಗಣಪತಿಯನ್ನು ಹಿತ್ತಲಿನ ಬಕೀಟಿನಲ್ಲಿ ಮುಳುಗಿಸಿ ಮರುದಿನವೇ ಹೊರಟಳು. ಮೂರು ವಾರದ ಮಾತು ಎಂದಿದ್ದಳು. ಅಕ್ಸ್‌ಬ್ರಿಡ್ಜಿನ ಆಫೀಸಿನಲ್ಲಿ ಕೆಲಸ ಮಾಡುವ ಅವಳ ಮಗಳು, ನನ್ನ ಮಗಳಂಥ ಸೋದರಸೊಸೆ, ಹೀಥ್ರೂನಲ್ಲಿ ಪೆಟ್ಟಿಗೆಯ ಜೊತೆ ತಾಯಿಯನ್ನು ನಿಲ್ಲಿಸಿ ಒಂದು ಫೋಟೋ ತೆಗೆದಳು. ಅಕ್ಕ ಅದರಲ್ಲಿ ಯುದ್ಧಕ್ಕೆ ಹೊರಟವಳ ಹಾಗೆ ಕಾಣುತ್ತಿದ್ದಳು.

ಬೆಳಗಾವಿಯಲ್ಲಿ ಅವಳು ಮಾಡಿದ ಚಿಕಿತ್ಸೆ ಯಾವ ಡಾಕ್ಟರೂ ಬರೆದುಕೊಟ್ಟದ್ದಲ್ಲ. ದಿನಾ ಬೆಳಿಗ್ಗೆ ನೆಗೆಣ್ಣಿಯ ಎದುರಿಗೇ ಝುಣಕ ಮಾಡುವುದು. ಬೇಕೆಂದೇ ಕೆಡಿಸುವುದು. ಒಂದು ದಿನ ಹಿಟ್ಟು ಹಸಿ, ಒಂದು ದಿನ ಒಗ್ಗರಣೆ ಕರಕು, ಒಂದು ದಿನ ಉಪ್ಪೇ ಇಲ್ಲ. ಅದನ್ನು ಆ ತಾಯಿಗೆ ತಿನ್ನಿಸುತ್ತ, ಹೇಗಿದೆ, ಬಾಯಿ ಬಿಟ್ಟು ಹೇಳು ನೋಡೋಣ, ಲಂಡನ್ ಝುಣಕ ಅನ್ನು ನೋಡೋಣ ಎಂದು ಕೆಣಕುವುದು. ಕೇಳಿ ನನಗೆ ಗಾಬರಿಯಾಯಿತು. ರೋಗಿಯನ್ನು ಹೀಗೆ ಗೋಳುಹೊಯ್ದುಕೊಂಡರೆ ಪೊಲೀಸರು ಹಿಡಿಯುವುದಿಲ್ಲವೇ? ಅಷ್ಟರಲ್ಲಿ ನಾಲ್ಕು ತಿಂಗಳು ಕಳೆದಿತ್ತು. ಒಂದು ದಿನ ಫೋನಿನಲ್ಲಿ ಅಕ್ಕನ ದನಿ ನಡುಗುತ್ತಿತ್ತು. ಏನೋ ಕೆಟ್ಟ ಸುದ್ದಿ ಎಂದು ನಾನು ಗೋಡೆ ಹಿಡಿದುಕೊಂಡೆ.

“ಉಪ್ಪಿಲ್ಲಾ ಅಂದ್ಲೋ ತಮ್ಮಾ. ಬೈದ್ಲು ನನಗ. ಚೊಲೋತ್ನ್ಯಾಗಿ ಬೈದ್ಲು.”

ಅದಾದ ಮೇಲೆ ಲಂಡನ್ನಿಗೆ ತಿರುಗಿ ಬರುವ ಮಾತೆಲ್ಲಿ? ಒಂದೊಂದೇ ಶಬ್ದ ಕಲಿಸುವ ಹಟಕ್ಕೆ ಬಿದ್ದಳು. ನೆಗೆಣ್ಣಿ ಕಲಿತ ಶಬ್ದಗಳೆಲ್ಲ ಬೈಗುಳವೇ ಆಗಿದ್ದವು ಎನ್ನುವುದು ಬೇರೆ ವಿಷಯ. ಒಂದು ವರ್ಷ ಕಳೆಯುತ್ತ ಬಂತು. ಈ ನಡುವೆ ಯಾರೋ ಅಕ್ಕನ ಕಿವಿಯಲ್ಲಿ ಊದಿದರು: ಪರ್ಮನೆಂಟು ಎಂದರೆ ಪರ್ಮನೆಂಟಲ್ಲ, ಬಹಳ ದಿನ ಹೊರಗಿದ್ದರೆ ಅದು ಸತ್ತುಹೋಗುತ್ತದೆ. ಅವಳು ನನ್ನನ್ನು ಕೇಳಿದಳು.

ಬೇರೆ ಯಾರನ್ನೂ ಕೇಳಲಿಲ್ಲ. ಮಗಳನ್ನೂ ಕೇಳಲಿಲ್ಲ. ಏಕೆಂದರೆ ದಿನ, ವಾರ, ತಿಥಿಗಳ ವಿಷಯದಲ್ಲಿ ಗ್ರೀನ್‌ಫರ್ಡಿನ ಕನ್ನಡದವರಿಗೆಲ್ಲ ನಾನೇ ಗುರು. ನನ್ನ ಅಡುಗೆಮನೆಯ ಗೋಡೆಗೆ ಊರಿನಿಂದ ತರಿಸಿದ ಪಂಚಾಂಗದ ಕ್ಯಾಲೆಂಡರ್ ತೂಗುತ್ತದೆ. ಏಕಾದಶಿ ಯಾವತ್ತು, ಗ್ರಹಣ ಎಷ್ಟಕ್ಕೆ ಬಿಡುತ್ತದೆ, ಹೊಸ ಫ್ಲ್ಯಾಟಿಗೆ ಹೋಗಲು ಯಾವ ದಿನ ಒಳ್ಳೆಯದು ಎಂದು ಧಾರವಾಡದವರೂ ಕುಂದಾಪುರದವರೂ ನನಗೇ ಫೋನ್ ಮಾಡುವುದು. ಜನ್ಮವಿಡೀ ಹೆದರಿ ಬದುಕಿದವನಿಗೆ ಯಾರಾದರೂ ಹೀಗೆ ಕೇಳಿದರೆ ಎಷ್ಟು ಹಿತವಾಗುತ್ತದೆ ಎಂದು ನಿಮಗೆ ಗೊತ್ತಿಲ್ಲ. ನಾನು ಪರಿಚಯದ ಒಬ್ಬರನ್ನು ವಿಚಾರಿಸಿದೆ. ಒಂದೇ ಸಮನೆ ಎರಡು ವರ್ಷಕ್ಕಿಂತ ಹೆಚ್ಚು ಹೊರಗಿದ್ದರೆ ಪರ್ಮನೆಂಟು ಹೋಗುತ್ತದೆ, ಅದರೊಳಗೆ ಬಂದರೆ ಚಿಂತೆಯಿಲ್ಲ ಎಂದರು. ಸರಿ. ಅಕ್ಕ ಹೊರಟದ್ದು ಯಾವತ್ತು? ಚೌತಿಯ ಮರುದಿನ. ಹಾಗಾದರೆ?

“ಒಂದು ಚೌತಿ ಬಿಟ್ಟು ಮುಂದಿನ ಚೌತಿ ಒಳಗ ಬಾ ಅಕ್ಕಾ,” ಎಂದೆ. “ಆ ಗಣಪತಿ ಇಲ್ಲೇ ಕೂಡಸು. ಎರಡು ವರ್ಷಕ್ಕ ಒಂದು ದಿನ ಕಡಿಮಿನ ಆಗ್ತದ.”

“ಖಾತ್ರಿ ಅದ?”

“ಪಂಚಾಂಗ ನೋಡೇ ಹೇಳೀನಿ.”

ಅವಳು ನಿಶ್ಚಿಂತಳಾದಳು. ನಾನು ಬೀಗಿದೆ.

ಎರಡನೆಯ ವರ್ಷ ಅಧಿಕ ಮಾಸ ಬಂತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಮ್ಮ ಚಾಂದ್ರಮಾನದ ವರ್ಷ ಸೂರ್ಯನ ವರ್ಷಕ್ಕಿಂತ ಗಿಡ್ಡ. ಅದು ಹಿಂದೆ ಬೀಳದಿರಲೆಂದು ಎರಡು ಮೂರು ವರ್ಷಕ್ಕೊಮ್ಮೆ ಒಂದು ತಿಂಗಳು ಹೆಚ್ಚು ಸೇರಿಸುತ್ತಾರೆ. ಆ ವರ್ಷ ಎರಡೆರಡು ಶ್ರಾವಣ. ಹಾಗಾಗಿ ಮುಂದಿನ ಹಬ್ಬಗಳೆಲ್ಲ ತಡ. ಇದನ್ನು ಗ್ರೀನ್‌ಫರ್ಡಿನ ಮನೆಮನೆಗೂ ತಿಳಿಸಿದವನು ಯಾರು? ನಾನೇ! ಅಧಿಕ ಮಾಸದಲ್ಲಿ ಅಳಿಯನಿಗೆ ಮೂವತ್ಮೂರು ಅನಾರಸ, ಮೈಸೂರಿನವರು ಕಜ್ಜಾಯ ಎನ್ನುತ್ತಾರಲ್ಲ ಅದು, ಕೊಡುವ ಪದ್ಧತಿ. ಕೊಲಿಂಡೇಲಿನ ಹೊಸ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದ ಒಬ್ಬ ಎಳೆಯ ಅಳಿಯ ಅಷ್ಟೊಂದು ಕೊಬ್ಬು ತನ್ನ ಜಿಮ್ಮಿಗೆ ಆಗುವುದಿಲ್ಲ ಎಂದಾಗ, ಅವನ ಪರವಾಗಿ ಒಂದು ವಾರ ಅನಾರಸ ತಿಂದವನು ಯಾರು? ಅದೂ ನಾನೇ. ಈ ಸಲ ಚೌತಿ ಬಹಳ ತಡ ನೋಡ್ರಿ, ಎಂದು ಎಲ್ಲರಿಗೂ ಹೇಳುತ್ತ ತಿಂದೆ. ಬಾಯಿಯಿಂದ ಬಂದ ಮಾತು ನನ್ನದೇ ಕಿವಿಗೆ ಬೀಳಲಿಲ್ಲ.

ಆ ತಿಂಗಳ ಕೊನೆಗೆ ನೆಗೆಣ್ಣಿಗೆ ಮತ್ತೊಮ್ಮೆ ಲಕ್ವ ಹೊಡೆಯಿತು. ಎರಡನೆಯ, ಅಂದರೆ ನಿಜ ಶ್ರಾವಣದಲ್ಲಿ ತೀರಿಕೊಂಡಳು. ಅಕ್ಕನೇ ನಿಂತು ದಿನಕರ್ಮಗಳನ್ನೆಲ್ಲ ಮಾಡಿಸಿದಳು. ಸೋದರಸೊಸೆ ತಾಯಿಗೆ ಟಿಕೆಟ್ ತೆಗೆಯುವ ಮೊದಲು ನನ್ನನ್ನು ಕೇಳಿದಳು.

“ಮಾಮಾ, ಚೌತಿ ಯಾವಾಗ? ಐ ವಿಲ್ ಬುಕ್ ಟೂ ಡೇಸ್ ಬಿಫೋರ್, ಓಕೆ?”

“ಓಕೆ,” ಎಂದೆ.

ಅವಳು ಇಲ್ಲೇ ಹುಟ್ಟಿದ ಹುಡುಗಿ. ಹುಟ್ಟಿನಿಂದಲೇ ಕೈಯಲ್ಲಿ ಈ ದೇಶದ ಪಾಸ್‌ಪೋರ್ಟು. ಒಂದು ದೇಶ ಯಾರನ್ನಾದರೂ ಹೊರಗಿಡಬಹುದು ಎನ್ನುವುದು ಅವಳ ಕನಸಿನಲ್ಲೂ ಬರುವ ವಿಷಯವಲ್ಲ. ಅದು ನನ್ನ ಕನಸಿನ ವಿಷಯ.

ಅಕ್ಕ ಹೊರಡುವ ನಾಲ್ಕೈದು ದಿನ ಮೊದಲು, ಬೆಳಿಗ್ಗೆ ಚಹಾ ಕುಡಿಯುತ್ತಿದ್ದೆ. ಮನೆಮಂದಿಯ ವಾಟ್ಸ್ಯಾಪಿಗೆ ಸೋದರಸೊಸೆ ಒಂದು ಫೋಟೋ ಹಾಕಿದಳು. ಫೋನುಗಳು ಹಳೆಯ ಫೋಟೋಗಳನ್ನು ತಾವಾಗಿಯೇ ಎತ್ತಿ ತೋರಿಸುತ್ತವಲ್ಲ, ಹಾಗೆ ಬಂದದ್ದು. ಹೀಥ್ರೂ, ಪೆಟ್ಟಿಗೆ, ಯುದ್ಧಕ್ಕೆ ಹೊರಟ ಅಕ್ಕ. ಮೇಲೆ ಬರೆದಿತ್ತು: ಎರಡು ವರ್ಷಗಳ ಹಿಂದೆ, ಇದೇ ದಿನ. ಕೆಳಗೆ ಅವಳು ಒಂದು ನಗುವ ಮುಖ ಅಂಟಿಸಿದ್ದಳು.

ಇದೇ ದಿನ?

ನಾನು ಎದ್ದು ಹೋಗಿ ಗೋಡೆಯ ಕ್ಯಾಲೆಂಡರ್ ನೋಡಿದೆ. ಚೌತಿಗೆ ಇನ್ನೂ ಒಂದು ವಾರವಿತ್ತು. ಆದರೆ ಎರಡು ವರ್ಷ ಇವತ್ತೇ ಮುಗಿಯುತ್ತಿತ್ತು. ನನ್ನ ಎರಡು ವರ್ಷದೊಳಗೆ ಒಂದು ಶ್ರಾವಣ ಹೆಚ್ಚಾಗಿ ನುಗ್ಗಿ ಕುಳಿತಿತ್ತು. ಆ ತಿಂಗಳನ್ನು ದೇವರು ಒಪ್ಪುತ್ತಾನೆ, ಅಳಿಯಂದಿರು ಒಪ್ಪುತ್ತಾರೆ. ಇಂಗ್ಲೆಂಡಿನ ಸರ್ಕಾರ ಯಾಕೆ ಒಪ್ಪೀತು? ಅಕ್ಕ ಆ ಹೊತ್ತಿಗೆ ಬೆಳಗಾವಿಯಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದಳು. ಹಾರಿ ಬಂದರೂ ಅವತ್ತು ಇಲ್ಲಿಗೆ ಮುಟ್ಟುವ ಹಾಗಿರಲಿಲ್ಲ.

ಚಹಾದ ಕಪ್ಪನ್ನು ಎಲ್ಲಿಟ್ಟೆನೋ, ಮರುದಿನ ಹೆಂಡತಿಗೆ ಅದು ಫ್ರಿಜ್ಜಿನಲ್ಲಿ ಸಿಕ್ಕಿತು.

ಈಗ ತಪ್ಪೊಪ್ಪಿಗೆ. ಲೆಕ್ಕ ತಪ್ಪಿದ್ದು ಮೂರ್ಖತನ. ಅದಕ್ಕೆ ಕ್ಷಮೆಯಿದೆ, ಮ್ಯಾಟ್ರಿಕ್ ಓದಿದವನ ಗಣಿತ ಅಷ್ಟೇ ಎಂದು ನೀವು ಬಿಟ್ಟುಬಿಡಬಹುದು. ಆದರೆ ತಪ್ಪು ತಿಳಿದ ಕೂಡಲೇ ನಾನು ಫೋನ್ ಎತ್ತಿ ಹೇಳಬೇಕಿತ್ತು. ಅಕ್ಕಾ, ಹೊರಡಬೇಡ, ಅಲ್ಲಿಂದಲೇ ಅರ್ಜಿ ಹಾಕೋಣ. ಹೀಗೆ ತಡವಾದವರು ಊರಿನಿಂದಲೇ ಕಾರಣ ಬರೆದು ಅರ್ಜಿ ಹಾಕಿ ಅನುಮತಿ ಪಡೆದು ಬರುವ ದಾರಿ ಇದೆಯಂತೆ. ಆಮೇಲೆ ತಿಳಿದದ್ದು. ಅವತ್ತು ವಿಚಾರಿಸಿದ್ದರೆ ಅವತ್ತೇ ತಿಳಿಯುತ್ತಿತ್ತು. ನಾನು ವಿಚಾರಿಸಲಿಲ್ಲ. ವಿಚಾರಿಸಿದರೆ ನಿಜವಾಗಿಬಿಡುತ್ತದೆ ಎಂದು ಹೆದರಿದೆ.

ಒಂದು ದಿನ ಬಸ್ಸು ಹತ್ತಿ ಅಕ್ಸ್‌ಬ್ರಿಡ್ಜಿಗೆ ಹೋದೆ, ಸೋದರಸೊಸೆಗಾದರೂ ಹೇಳೋಣವೆಂದು. ಊಟದ ಹೊತ್ತಿಗೆ ಕೆಳಗಿಳಿದು ಬಂದಳು, ಏನು ಮಾಮಾ, ಎಲ್ಲ ಸರಿಯಿದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಈ ಕಡೆ ಬಂದಿದ್ದೆ, ಬಾಳೆಹಣ್ಣು ಅಗ್ಗವಿತ್ತು ಎಂದು ಹೇಳಿ ಒಂದು ಚಿಪ್ಪು ಅವಳ ಕೈಗಿಟ್ಟು ತಿರುಗಿ ಬಂದೆ. ಆಫೀಸಿನ ಬಾಗಿಲಲ್ಲಿ ಬಾಳೆಹಣ್ಣು ಹಿಡಿದು ನಿಂತ ಆ ಹುಡುಗಿಯ ಮುಖ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಹೊರಡುವ ಹಿಂದಿನ ದಿನ ಅಕ್ಕನೇ ಫೋನ್ ಮಾಡಿದಳು, ಚೌತಿಗೆ ಗರಿಕೆ ಎಲ್ಲಿ ಸಿಗುತ್ತದೆ ನೋಡಿಡು ಎಂದಳು. ಆಗಲಿ ಎಂದೆ. ಅವಳು, ನಿನ್ನ ದನಿ ಯಾಕೆ ಹೀಗಿದೆ ಎಂದಳು. ನೆಗಡಿ ಎಂದೆ.

ಹಾಗೆ ಅವಳು ವಿಮಾನ ಹತ್ತಿದಳು.

ಹೀಥ್ರೂನಲ್ಲಿ ಬರುವವರು ಹೊರಬೀಳುವ ಬಾಗಿಲು ತಾನಾಗಿ ತೆರೆಯುತ್ತದೆ, ಮುಚ್ಚುತ್ತದೆ. ಪ್ರತಿಸಲ ತೆರೆದಾಗಲೂ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಬೆಂಗಳೂರಿನ ವಿಮಾನದವರೆಲ್ಲ ಬಂದರು. ಉಪ್ಪಿನಕಾಯಿಯ ಡಬ್ಬ ಸೋರಿ ಪೆಟ್ಟಿಗೆಯೆಲ್ಲ ಎಣ್ಣೆಯಾದವರು ಬಂದರು, ಬಲೂನು ಹಿಡಿದು ಕಾದವರ ಗಂಡಂದಿರು ಬಂದರು. ಆಮೇಲೆ ವಿಮಾನದ ಸಿಬ್ಬಂದಿಯೇ ಸಣ್ಣ ಪೆಟ್ಟಿಗೆ ಎಳೆಯುತ್ತ ಹೊರಬಿದ್ದರು. ಅಕ್ಕ ಬರಲಿಲ್ಲ.

“ಲಗೇಜ್ ಲೇಟ್ ಇರಬೇಕು ಮಾಮಾ,” ಎಂದಳು ಸೋದರಸೊಸೆ.

ನಾನು ಅಲ್ಲೇ, ಕಾಫಿ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕುಳಿತು, ಅವಳಿಗೆ ಎಲ್ಲ ಹೇಳಿದೆ. ಚೌತಿ, ಎರಡು ವರ್ಷ, ಎರಡು ಶ್ರಾವಣ, ಬಾಳೆಹಣ್ಣು. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವಳು ಬೈಯಲಿಲ್ಲ. “ಯು ನ್ಯೂ? ಗೊತ್ತಿತ್ತಾ?” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು. ಒಳಗಿನಿಂದ ಇಮಿಗ್ರೇಷನ್ ಅಧಿಕಾರಿಯೊಬ್ಬರು, ಹೆಂಗಸು. ನಿಮ್ಮ ತಾಯಿ ನಮ್ಮ ಹತ್ತಿರ ಇದ್ದಾರೆ, ಆರಾಮಿದ್ದಾರೆ, ಕೆಲವು ಪ್ರಶ್ನೆ ಕೇಳುತ್ತಿದ್ದೇವೆ ಎಂದರು. ಅಲ್ಲಿ ಅವರ ತಮ್ಮ ಇದ್ದಾರೆಯೇ? ಅವರೊಡನೆ ಮಾತಾಡಬೇಕು.

ಜೀವಮಾನವಿಡೀ ನಾನು ತಪ್ಪಿಸಿಕೊಂಡು ತಿರುಗಿದ ಸರ್ಕಾರ, ಕೊನೆಗೆ ಫೋನ್ ಮಾಡಿ ನನ್ನನ್ನೇ ಕೇಳಿತು. ನಾನು ಕೈಯೇ ಚಾಚದ್ದರಿಂದ ಸೋದರಸೊಸೆ ಫೋನನ್ನು ನನ್ನ ಕಿವಿಗೆ ಒತ್ತಿ ಹಿಡಿದಳು.

ನಿಮ್ಮ ಅಕ್ಕ ಎರಡು ವರ್ಷಕ್ಕಿಂತ ಹೆಚ್ಚು ಹೊರಗಿದ್ದಾರೆ, ಇದು ನಿಮಗೆ ಗೊತ್ತೇ ಎಂದು ಆಕೆ ಕೇಳಿದರು. ಗೊತ್ತು ಮೇಡಂ ಎಂದೆ. ಹೇಗಾಯಿತು? ನನಗೆ ಬರುವ ಇಂಗ್ಲಿಷಿನಲ್ಲಿ ಹೇಳತೊಡಗಿದೆ. ನಮ್ಮ ವರ್ಷದಲ್ಲಿ ಒಮ್ಮೊಮ್ಮೆ ಒಂದು ತಿಂಗಳು ಹೆಚ್ಚಿರುತ್ತದೆ ಮೇಡಂ.

ಆ ಕಡೆ ಆಕೆ ಏನೋ ಬರೆದುಕೊಂಡ ಸದ್ದಾಯಿತು.

“ಹಾಗಾದರೆ ನಿಮ್ಮ ಅಕ್ಕನಿಗೆ ಹದಿಮೂರು ತಿಂಗಳ ವರ್ಷ ಬಂದಿತ್ತು?”

“ಅವಳಿಗೊಬ್ಬಳಿಗೇ ಅಲ್ಲ ಮೇಡಂ. ಎಲ್ಲರಿಗೂ.”

“ನನಗೆ ಬರಲಿಲ್ಲ,” ಎಂದರು ಆಕೆ.

ಚಂದ್ರ, ಸೂರ್ಯ, ಹುಣ್ಣಿಮೆ, ಅನಾರಸ, ಎಲ್ಲ ಹೇಳಿದೆ. ಹೇಳಿದಷ್ಟೂ ಸುಳ್ಳಿನ ಹಾಗೆ ಕೇಳಿಸುತ್ತಿತ್ತು. ನಿಜವೇ ಇಷ್ಟು ಸುಳ್ಳಾಗಿ ಕೇಳಿಸುವುದಾದರೆ ಜನ ಸುಳ್ಳು ಹೇಳುವ ಶ್ರಮವನ್ನಾದರೂ ಯಾಕೆ ತೆಗೆದುಕೊಳ್ಳುತ್ತಾರೋ. ಕೊನೆಗೆ, ಎಲ್ಲ ಬಿಟ್ಟು, ಇದ್ದದ್ದನ್ನು ಹೇಳಿಬಿಟ್ಟೆ. ದಿನ ಹೇಳಿದವನು ನಾನು. ತಪ್ಪು ಎಂದು ಐದು ದಿನದ ಹಿಂದೆಯೇ ನನಗೆ ಗೊತ್ತಾಯಿತು. ಹೆದರಿ ಹೇಳಲಿಲ್ಲ. ಅವಳದೇನೂ ತಪ್ಪಿಲ್ಲ, ಶಿಕ್ಷೆ ಕೊಡುವುದಾದರೆ ನನಗೆ ಕೊಡಿ.

“ವಿಚಿತ್ರ,” ಎಂದರು ಆಕೆ. “ನಿಮ್ಮ ಅಕ್ಕ ಬೇರೆಯೇ ಹೇಳುತ್ತಿದ್ದಾರೆ. ತಮ್ಮ ಸರಿಯಾದ ದಿನವನ್ನೇ ಹೇಳಿದ್ದ, ಬೇಗ ಬಾ ಎಂದು ಎಚ್ಚರಿಸಿದ್ದ, ನಾನೇ ಎಣಿಸುವಾಗ ತಪ್ಪು ಮಾಡಿದೆ, ಅವನನ್ನು ಏನೂ ಕೇಳಬೇಡಿ, ಅವನು ಹೆದರಿಕೆಯವನು ಅಂತ. ಇಬ್ಬರಲ್ಲಿ ನಾನು ಯಾರನ್ನು ನಂಬಲಿ?”

ನನ್ನ ದನಿಯಲ್ಲಿದ್ದದ್ದು ನೆಗಡಿಯಲ್ಲ ಎಂದು ಅಕ್ಕನಿಗೆ ಗೊತ್ತಾಗಿತ್ತೇ? ಅಥವಾ ಅಲ್ಲಿ ಒಳಗೆ, ಆ ಮೇಜಿನ ಮುಂದೆ ಕುಳಿತಾಗ ಹೊಳೆಯಿತೇ? ಇವತ್ತಿಗೂ ನಾನು ಕೇಳಿಲ್ಲ.

“ನನ್ನನ್ನೇ ನಂಬಿ ಮೇಡಂ,” ಎಂದೆ ಹೇಗೋ. “ಅವಳು ಅಕ್ಕ. ಹಾಗೇ ಹೇಳುತ್ತಾಳೆ.”

ಮಧ್ಯಾಹ್ನ ಕಳೆದ ಮೇಲೆ ಆ ಬಾಗಿಲು ಮತ್ತೊಮ್ಮೆ ತೆರೆಯಿತು. ಅಕ್ಕ ಪೆಟ್ಟಿಗೆ ತಳ್ಳುತ್ತ ಬಂದಳು. ಎರಡು ವರ್ಷದಲ್ಲಿ ಇಷ್ಟು ಸಣ್ಣವಳಾಗಿದ್ದಾಳೆಂದು ವಾಟ್ಸ್ಯಾಪಿನಲ್ಲಿ ಗೊತ್ತಾಗಿರಲಿಲ್ಲ. ಸದ್ಯಕ್ಕೆ ಒಳಗೆ ಬಿಟ್ಟಿದ್ದರು, ಅಷ್ಟೇ. ಪಾಸ್‌ಪೋರ್ಟನ್ನು ತಮ್ಮ ಹತ್ತಿರವೇ ಇಟ್ಟುಕೊಂಡಿದ್ದರು. ವಿಚಾರ ಮಾಡಿ ತಿಳಿಸುತ್ತೇವೆ, ಕರೆದಾಗ ಬರಬೇಕು, ಬೇಡವೆಂದು ತೀರ್ಮಾನವಾದರೆ ಹೋಗಬೇಕು. ಪರ್ಮನೆಂಟು ಇದೆಯೋ ಹೋಯಿತೋ, ಅವಳಿಗೂ ಗೊತ್ತಿಲ್ಲ, ಬಿಟ್ಟವರಿಗೂ ಗೊತ್ತಿಲ್ಲ.

ಕಾರಿನಲ್ಲಿ ಅವಳು ಏನನ್ನೂ ಬೈಯಲಿಲ್ಲ. ರಸ್ತೆಯನ್ನು ಬೈಯಲಿಲ್ಲ, ಮಗಳ ಡ್ರೈವಿಂಗನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಆ ಮೌನ ನನಗೆ ಇಮಿಗ್ರೇಷನ್ನಿಗಿಂತ ಹೆಚ್ಚಿನ ಹೆದರಿಕೆ ಹುಟ್ಟಿಸಿತು. ಹಿಂದಿನ ಸೀಟಿನಲ್ಲಿ ಅವಳ ಪಕ್ಕ ಕುಳಿತು, ಅಕ್ಕಾ ನನಗ ಮೊದಲ ಗೊತ್ತಿತ್ತು, ಹೇಳಲಿಲ್ಲ ಎಂದೆ. ಗೊತ್ತದ ಬಿಡು ಎನ್ನುವಂತೆ ಕೈಯಾಡಿಸಿದಳು. ದಾರಿಯ ಹೇಸ್ ಊರು ದಾಟಿದ ಮೇಲೆ, ಕಿಟಕಿಯ ಹೊರಗೆ ನೋಡುತ್ತಲೇ ಮಾತಾಡಿದಳು.

“ಅವರು 'ಹೋಗು' ಅಂದ್ರ ನಾ ಎಲ್ಲೆ ಹೋಗ್ಲೋ ತಮ್ಮಾ? ಅಲ್ಲೆ ಆಕಿ ಇದ್ಲು. ನಾ ಬಾಗಲದಾಗ ಕಾಲಿಟ್ರ ಸಾಕು, ಬಂದ್ಲು ನೋಡು ಅಂತ ಶುರು ಮಾಡ್ತಿದ್ಲು. ಈಗ ಯಾರಿದ್ದಾರ, ನನ್ನ ಬೈಲಿಕ್ಕೆ?”

ಇಂಗ್ಲೆಂಡ್ ದೇಶಕ್ಕೇ ಹೆದರಿಕೆ ಹುಟ್ಟಿಸಿದವಳು ನನ್ನ ಕೈ ಹಿಡಿದುಕೊಂಡಳು. ಅವಳ ಕೈ ನನ್ನದಕ್ಕಿಂತ ತಣ್ಣಗಿತ್ತು.

ಇದನ್ನು ಬರೆಯುವ ಹೊತ್ತಿಗೂ ಉತ್ತರ ಬಂದಿಲ್ಲ. ಸೋದರಸೊಸೆ ಒಬ್ಬ ವಕೀಲರನ್ನು ಹಿಡಿದಿದ್ದಾಳೆ. ನೆಗೆಣ್ಣಿಯ ಆಸ್ಪತ್ರೆಯ ಕಾಗದಗಳನ್ನು ಬೆಳಗಾವಿಯಿಂದ ತರಿಸಿದ್ದಾಳೆ. ಆಗಬಹುದು ಎನ್ನುತ್ತಾರೆ ಅವರು, ಆಗದಿರಲೂಬಹುದು. ಅಂಚೆಯವನು ಬರುವ ಹೊತ್ತಿಗೆ ನಾನು ಅಕ್ಕನ ಮನೆಯಲ್ಲಿ ಇರುವ ಹಾಗೆ ನೋಡಿಕೊಳ್ಳುತ್ತೇನೆ. ಬಾಗಿಲ ಸೀಳಿನಲ್ಲಿ ಸದ್ದಾದರೆ ಈಗ ಇಬ್ಬರೂ ಬೆಚ್ಚುತ್ತೇವೆ. ಹೋಗಿ ಎತ್ತುವವನು ನಾನು. ದೇವರ ಮುಂದಿಡದೆ, ನಿಂತ ನಿಲುವಿನಲ್ಲೇ ಒಡೆಯುತ್ತೇನೆ.

ಇನ್ನೊಂದು ಕೆಲಸವನ್ನೂ ಹಚ್ಚಿಕೊಂಡಿದ್ದೇನೆ. ಹುಟ್ಟಿದಾಗಿನಿಂದ ಅವಳ ಮಾತಿಗೆ ಎದುರು ಆಡದವನು ನಾನು. ಈಗ ದಿನಾ ಹೋಗಿ ಏನಾದರೊಂದು ಹುಳುಕು ತೆಗೆಯುತ್ತೇನೆ. ಮೊದಮೊದಲು ಹೇಳಬೇಕಾದ್ದನ್ನು ದಾರಿಯಲ್ಲೇ ನಾಲ್ಕು ಸಲ ಹೇಳಿಕೊಂಡು ಹೋಗುತ್ತಿದ್ದೆ. ನಿನ್ನೆ ಅವಳು ಹೊಸ ಪರದೆ ಹಾಕಿದ್ದಳು. ಬಾಗಿಲಲ್ಲೇ ನಿಂತು, ಕಣ್ಣು ಮುಚ್ಚಿ, ಅಕ್ಕಾ ಈ ಪರದೆ ಛಲೋ ಇಲ್ಲ, ಧರ್ಮಶಾಲಾ ಕಂಡಂಗ ಕಾಣ್ತದ ಎಂದುಬಿಟ್ಟೆ. ಆಮೇಲೆ ಶುರುವಾಯಿತು ನೋಡಿ! ನನ್ನ ಕಣ್ಣು, ನನ್ನ ಬುದ್ಧಿ, ನನ್ನ ಮ್ಯಾಟ್ರಿಕ್ಕು, ನಾನು ತೊಟ್ಟ ಪ್ಯಾಂಟು, ಯಾವುದನ್ನೂ ಬಿಡಲಿಲ್ಲ. ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಪಡಸಾಲೆಗೆ ನನ್ನನ್ನು ಅಟ್ಟಿಸಿಕೊಂಡು ಬೈದಳು. ಅವಳ ಕೆನ್ನೆಗೆ ಬಣ್ಣ ಬಂದಿತ್ತು. ನಾನೂ ಬಿಡಲಿಲ್ಲ, ಗೋಡೆಯ ಬಣ್ಣವೂ ಸರಿಯಿಲ್ಲ ಎಂದೆ.

ಕತ್ತಲಾಗುವ ಹೊತ್ತಿಗೆ ಕೋಟು ಹಾಕಿಕೊಂಡು ಹೊರಟೆ. ಗೇಟಿನವರೆಗೂ ಬಂದಳು.

“ನಾಳಿ ಲಗೂನ ಬಾ,” ಎಂದಳು. “ಇದು ಇನ್ನೂ ಮುಗದಿಲ್ಲ.”